ಅತ್ತಿಗೆ ಹಾಕಿದ ಬೀಗ

ಮೈದುನನಿಗೆ ‘ಪುರಾವೆ’ ಅಂತ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಅತ್ತಿಗೆ, ಮೈದುನ ಇಬ್ಬರೂ ಒಂದೇ ಕಂಪನಿಯಲ್ಲಿ ಲಿಫ್ಟ್ ರಿಪೇರಿ ಮಾಡುವವರು. ಯಂತ್ರ, ಹಗ್ಗ ಆಕೆಯದು. ವೈರು, ಸ್ವಿಚ್ಚು ಅವನದು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆಕೆ ಕಣ್ಣು ಮುಚ್ಚಿ ಒಂದು ಗಳಿಗೆ ಕೈಮುಗಿಯುತ್ತಿದ್ದಳು. ಅಷ್ಟು ಸಾಕಿತ್ತು, ಇವನ ನಾಲಿಗೆ ತುರಿಸುತ್ತಿತ್ತು.

“ಅತ್ತಿಗೆ, ದೇವರು ಇದಾನೆ ಅಂದವರು ತೋರಿಸ್ಬೇಕು. ಇಲ್ಲ ಅನ್ನೋನಿಗೆ ಏನೂ ಕೆಲಸ ಇಲ್ಲ. ಆರಾಮಾಗಿ ಊಟ ಮಾಡ್ಬಹುದು.”

ಆರು ವರ್ಷದಿಂದ ಇದೇ ರಾಗ. ಆಕೆಗೋ, ಮನೆಗೆ ಹೋಗುವಾಗ ಬಸ್ಸಿನಲ್ಲಿ ನೂರು ಉತ್ತರ ಹೊಳೆಯುತ್ತಿದ್ದವು. ಅವನ ಎದುರಿಗೆ ಒಂದೂ ಬಾಯಿಗೆ ಬರುತ್ತಿರಲಿಲ್ಲ. ಮೈಯೆಲ್ಲ ಉರಿದುಹೋಗುತ್ತಿತ್ತು.

ಆವತ್ತು ಅವರಿಗೆ ಏಳು ಮಹಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಒಳಗೆಲ್ಲ ಹೊಸದು ಮಾಡಿಸಿ, ಸಂಜೆ ನಾಲ್ಕಕ್ಕೆ ಮತ್ತೆ ಬಾಗಿಲು ತೆರೆಯುವವರಿದ್ದರು. ಬೆಳಿಗ್ಗೆ ಅತ್ತಿಗೆ ಲಿಫ್ಟಿನ ಉಕ್ಕಿನ ಹಗ್ಗಗಳನ್ನು ಬಟ್ಟೆಯಿಂದ ಒರೆಸಿ ನೋಡಿದಳು. ಎಲ್ಲಿಯೂ ತಂತಿ ಕಿತ್ತು ಬಟ್ಟೆಗೆ ಸಿಕ್ಕಿಕೊಳ್ಳಲಿಲ್ಲ. ಆದರೆ ಮೂರನೆಯ ಹಗ್ಗ ಒರೆಸಿದಾಗ ಬಟ್ಟೆಗೆ ಕೆಂಪು ಪುಡಿ ಅಂಟಿತು. ಹಗ್ಗ ಹೊರಗೆ ನುಣ್ಣಗಿದ್ದರೂ ಒಳಗಿನ ತಂತಿಗಳು ತಿಕ್ಕಾಡಿ ಸವೆದಾಗ ಅಂಥ ಪುಡಿ ಉದುರುತ್ತದೆ. ಆಕೆ ಕೂಡಲೇ ಮೇನ್ ಸ್ವಿಚ್ ಆರಿಸಿ, ಅದಕ್ಕೆ ತನ್ನ ಬೀಗ ಜಡಿದಳು.

ಆ ಕಂಪನಿಯಲ್ಲಿ ಬೀಗ ಹಾಕಿದವರೇ ತೆಗೆಯಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಆದರೆ ಎರಡು ಸಲ ದೋಷವಿಲ್ಲದೆ ಸುಳ್ಳು ಬೀಗ ಹಾಕಿದವರನ್ನು ಲಿಫ್ಟಿನ ಕೆಲಸದಿಂದ ಎತ್ತಿ ಉಗ್ರಾಣಕ್ಕೆ ಹಾಕುತ್ತಿದ್ದರು. ಹೋದ ತಿಂಗಳಷ್ಟೇ ಆಕೆಯದೊಂದು ಸುಳ್ಳಾಗಿತ್ತು. ಇದೂ ಸುಳ್ಳಾದರೆ ಹದಿನಾಲ್ಕು ವರ್ಷದ ಕಸುಬು ಬಿಟ್ಟು ಬೋಲ್ಟು ವಿಂಗಡಿಸುತ್ತ ಕೂರಬೇಕಾಗಿತ್ತು.

ಅಂಗಡಿ ಮ್ಯಾನೇಜರ್ ಏಳು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಂದ. ಲಿಫ್ಟು ಅಲ್ಲಿಯೇ ಬಾಗಿಲು ತೆರೆದು ನಿಂತಿತ್ತು.

“ಏನಮ್ಮಾ, ಎಲ್ಲಿದೆ ದೋಷ? ತೋರ್ಸು!”

ಆಕೆ ಬಟ್ಟೆ ಬಿಡಿಸಿ ಹಿಡಿದಳು.

“ಗೋಡೆ ಒಡ್ಸಿದೀವಲ್ಲ, ಅದರ ಇಟ್ಟಿಗೆ ಧೂಳು ಇದು.”

“ಹಗ್ಗ ಸಡಿಲಿಸಿ ಒಳಗೆ ನೋಡ್ಬೇಕು ಸಾರ್. ಅರ್ಧ ದಿನ ಬೇಕು.”

“ನಾಲ್ಕು ಗಂಟೆಗೆ ಜನ ಬರ್ತಾರೆ! ದೋಷ ಇದೆ ಅಂದವರು ತೋರಿಸ್ಬೇಕು. ಇಲ್ಲ ಅನ್ನೋ ನಂಗೇನು ಕೆಲಸ? ತೆಗಿ ಬೀಗ!”

ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಪುರಾವೆ ಪೆಚ್ಚಾದ. ಅತ್ತಿಗೆಗೋ, ಅಬ್ಬಾ, ಆರು ವರ್ಷದಲ್ಲಿ ಮೊದಲ ಸಲ ಉತ್ತರ ಹೊತ್ತಿಗೆ ಸರಿಯಾಗಿ ಬಂತು.

“ಸಾರ್, ನಾನು ಯಾರನ್ನೂ ಹತ್ತಿಸ್ತಿಲ್ಲ. ಜನರನ್ನ ಹತ್ತಿಸ್ತೀನಿ ಅಂತಿರೋದು ನೀವು. ಹತ್ತಿಸೋವ್ರು ತೋರಿಸ್ಬೇಕು, ಹಗ್ಗ ಗಟ್ಟಿ ಇದೆ ಅಂತ. ಬೀಗ ತೆಗೀತೀನಿ, ಮೊದಲು ನೀವೇ ಹತ್ತಿ. ಕೆಳಗೆ ಹೋಗಿ ಬನ್ನಿ, ಸಾಕು.”

ಮ್ಯಾನೇಜರ್ ಒಂದು ಕಾಲು ಮುಂದಿಟ್ಟ. ಹೊಸ್ತಿಲಿನ ಸಂದಿಯಲ್ಲಿ ಏಳು ಮಹಡಿ ಕತ್ತಲೆ ಕಂಡಿತು. ಕಾಲು ತಾನಾಗಿಯೇ ಹಿಂದೆ ಬಂತು.

“ನಂಗೆ... ಮಂಡಿ ನೋವು.”

“ಮಂಡಿ ನೋವಿಗೆ ಮೆಟ್ಟಿಲಿಗಿಂತ ಲಿಫ್ಟೇ ವಾಸಿ ಸಾರ್,” ಎಂದ ಪುರಾವೆ.

ಮ್ಯಾನೇಜರ್ ಮುಖ ಕೆಂಪಾಯಿತು. “ಸರಿ, ಬಿಚ್ಚಿ ನೋಡ್ಕೊಳ್ಳಿ. ಏನೂ ಸಿಗದಿದ್ರೆ ನಿಮ್ಮ ಕಂಪನಿಗೆ ನಾನೇ ಫೋನ್ ಮಾಡ್ತೀನಿ!”

ಲಿಫ್ಟು ಜಾರದ ಹಾಗೆ ಆನಿಸಿ ನಿಲ್ಲಿಸಿ, ಅತ್ತಿಗೆ ಮೈದುನ ಇಬ್ಬರೂ ಹಗ್ಗಕ್ಕೆ ಕೈ ಹಾಕಿದರು. ಎರಡೂವರೆಗೆ ಮೂರನೆಯ ಹಗ್ಗದ ಎಳೆಗಳನ್ನು ಮೊಳೆ ತೂರಿಸಿ ಅಗಲಿಸಿದ್ದೇ ತಡ, ಒಳಗಿನ ತಂತಿಗಳು ತುಂಡುತುಂಡಾಗಿ ಆಕೆಯ ಅಂಗೈಗೆ ಉದುರಿದವು.

“ಸಿಕ್ತು ಕಣೋ!” ಆಕೆ ಕೂಗಿದ್ದು ಬೀದಿಯವರೆಗೂ ಕೇಳಿಸಿತಂತೆ. ಮ್ಯಾನೇಜರ್ ಆ ತುಂಡುಗಳನ್ನು ನೋಡಿ, ತಾನೇ ಕೈಯಾರೆ ‘ಲಿಫ್ಟ್ ಇಲ್ಲ’ ಎಂದು ಬರೆದು ಏಳೂ ಮಹಡಿಯಲ್ಲಿ ಅಂಟಿಸಿದ, ಮಂಡಿ ನೋವಿನಲ್ಲೇ.

ಬುತ್ತಿ ಬಿಚ್ಚುವಾಗ ಮೂರು ದಾಟಿತ್ತು. ಅತ್ತಿಗೆ ಕಣ್ಣು ಮುಚ್ಚಿದಳು. ಪುರಾವೆ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಕಾದ.

“ಅತ್ತಿಗೆ, ಹಂಗಾದ್ರೆ ದೇವರ ವಿಷಯದಲ್ಲಿ ಯಾರು ತೋರಿಸ್ಬೇಕು?”

“ಅಲ್ಲೂ ಅಷ್ಟೇ, ಹತ್ತಿಸೋವ್ರು. ನನ್ನ ಲಿಫ್ಟಲ್ಲಿ ನಾನೊಬ್ಬಳೇ ಹೋಗ್ತಿದೀನಿ. ನಿಂಗೆ ಯಾವತ್ತಾದ್ರೂ ಹತ್ತು ಅಂದಿದೀನಾ?”

ಅವನು ಆರು ವರ್ಷ ಹಿಂದಕ್ಕೆ ಹೋಗಿ ಹುಡುಕಿದ. “ಇಲ್ಲ.”

“ಹತ್ತು ಅಂದ ದಿನ ಕೇಳು, ತೋರಿಸ್ತೀನಿ.”

“ನಿಮ್ಮ ಹಗ್ಗದಲ್ಲೂ ಕೆಂಪು ಪುಡಿ ಉದುರಿದ್ರೆ?”

ಅತ್ತಿಗೆ ಸೊಂಟದ ಕೀಲಿಕೈ ತೆಗೆದು ಅವನ ಮೂಗಿನ ಮುಂದೆ ಆಡಿಸಿದಳು. “ಬೀಗ ನಾನೇ ಹಾಕ್ತೀನಿ ಕಣೋ. ನನ್ನ ಬೀಗ ಸುಳ್ಳಲ್ಲ ಅಂತ ಈಗ ತಾನೆ ನೋಡಿದ್ಯಲ್ಲ!”