ಬಾಟ್ಲಿವಾಲಾ ಸಾಹೇಬರ ಅಪ್ಪಣೆ

ಬಾರಿಸಲಾರದವನು ಗಿಟಾರು ದುಬಾರಿ ಅಂದನಂತೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರು ಕ್ಷಮಿಸಬೇಕು. ಇಲ್ಲಿ ಗಾದೆಯೇ ಸುಳ್ಳು, ಕತೆ ಮಾತ್ರ ಖರೆ.

ಮರುಳಪ್ಪ ಹೆಣದ ಗದ್ದವನ್ನು ಎತ್ತಿ ಹಿಡಿದು ಬಿಳೀ ಬಟ್ಟೆಯನ್ನು ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದ. ಬೆನಕಪ್ಪ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದ. ಮೈ ಸೆಟೆಯುವ ಮೊದಲೇ ಚಕ್ಕಂಬಕ್ಕಲ ಹಾಕಿಸಿ, ಮಣೆಯ ಮೇಲೆ ಗೋಡೆಗೆ ಒರಗಿಸಿದ್ದರು. ಕೂತಂತೆಯೇ ಮಣ್ಣಿಗಿಳಿಸುವುದು ಅವರ ಪದ್ಧತಿ.

"ಬಿಗಿಯಾಗಿ ಕಟ್ಟೋ," ಅಂದ ಚಾಂದ್.

"ಬದುಕಿದ್ದಾಗ್ಲೇ ಬಾಯಿ ಬಿಡ್ಲಿಲ್ಲ, ಈಗ್ಯಾಕೆ ಬಿಡ್ತಾನೆ?" ಎಂದು ಮರುಳಪ್ಪ ಗಂಟನ್ನು ಹಾಗೇ ಸಡಿಲಾಗಿ ಬಿಟ್ಟ.

ಮೂವರೂ ಚನ್ನಗಿರಿಯ ಒಂದೇ ಆರ್ಕೆಸ್ಟ್ರಾದವರು. ಚಾಂದ್ ಡ್ರಮ್ಸ್, ಮರುಳಪ್ಪ ಮಿಮಿಕ್ರಿ. ಬೆನಕಪ್ಪ ಹಗಲು ಅಡಿಕೆ ಮಂಡಿಯಲ್ಲಿ ತೂಕ ಹಾಕಿ, ಸಂಜೆ ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತು ಬೇಸ್ ಗಿಟಾರ್ ನುಡಿಸುತ್ತಿದ್ದ. ಅವನ ಬಳಿ ಎರಡು ಗಿಟಾರುಗಳಿದ್ದವು. ಬಣ್ಣ ಹೋದ ಒಂದು, ಮದುವೆ ಮುಂಜಿಗೆ. ಇನ್ನೊಂದು ಕಪ್ಪು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಈಗ ಹೆಣದ ಪಕ್ಕದಲ್ಲೇ, ತಾನೂ ಒಂದು ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು.

"ತಲೆ ವಾಲ್ತೈತೆ. ಅಯ್ನೋರು ಬರೋವರ್ಗೂ ಎರಡೂ ಕೈಯಾಗೆ ಹಿಡ್ಕಂಡಿರು," ಅಂದ ಚಾಂದ್. ಮರುಳಪ್ಪ ಗೆಳೆಯನ ತಲೆಯನ್ನು ಎದೆಗೆ ಒತ್ತಿ ಹಿಡಿದು ಕೂತ.

ಭಜನೆಯವರು ತಂದಿದ್ದ ಸ್ಪೀಕರ್ ಡಬ್ಬಿಯನ್ನು ನೋಡುತ್ತ ಬೆನಕಪ್ಪನ ಮಗಳು ಕಲ್ಪನಾ ಮಾತು ತೆಗೆದಳು. "ಅಮ್ಮ, ಯಾರಾದ್ರೂ ಅಪ್ಪನ ಮುಂದೆ ಆ ಬೇಸ್ ಬಾರಿಸ್ಲಿ. ಒಂದೇ ಒಂದು ಸಲ."

"ಹುಡುಗಾಟ ಆಡಬೇಡಮ್ಮ," ಅಂದ ಕೀಬೋರ್ಡಿನ ಗುರುಸ್ವಾಮಿ. "ಪ್ರಪಂಚದಾಗೆ ಬೆರಳೆಣಿಕೆಯಷ್ಟು ಇರೋ ಪೀಸು ಅದು. ಗೀರು ಬಿದ್ರೆ ಹೋತು."

"ಏನ್ರೀ ಹೋಗಾದು?" ಚಾಂದ್ ತಿರುಗಿಬಿದ್ದ. "ವಾದ್ಯ ಇರಾದು ಬಾರ್ಸಾಕೆ, ಊದಿನಕಡ್ಡಿ ಹಚ್ಚಾಕಲ್ಲ. ಬಾರಿಸ್ದೇ ಇರೋ ಗಿಟಾರಿಗೂ ಒಲೆಗೆ ಹಾಕೋ ಕಟ್ಟಿಗೆಗೂ ಏನ್ ಫರಕ್ ಐತೆ ಹೇಳ್ರಿ."

ಎಲ್ಲರೂ ಶಾಂತಾದೇವಿಯ ಕಡೆ ನೋಡಿದರು. ಪ್ರತಿ ಸೋಮವಾರ ಆ ಗಿಟಾರನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದವಳು ಅವಳು. ಅದಕ್ಕೆ ಸುತ್ತಿದ್ದು ಅವಳ ಧಾರೆ ಸೀರೆ.

"ನಂಗೂ ಕೇಳ್ಬೇಕು ಅಂತ ಆಸೆ ಐತೆ," ಅಂದಳು. "ಆದ್ರೆ ಇವರು ಬಾರ್ಸಲ್ಲ ಅಂತ ಬಾಂಬೆ ಸಾಹೇಬ್ರಿಗೆ ಮಾತು ಕೊಟ್ಟಿದ್ರು. ಹೋದ ದಿನಾನೇ ಮಾತು ಮುರಿಯಾದು ಬ್ಯಾಡ. ಕಲ್ಪನಾ, ಅಪ್ಪನ ಫೋನ್ ತಗಂಬಾ. ಸಾಹೇಬ್ರನ್ನ ಕೇಳಿಬಿಡಾಣ."

ಮರುಳಪ್ಪನ ಅಂಗೈ ಹೆಣದ ಕೆನ್ನೆಗಿಂತ ತಣ್ಣಗಾಯಿತು. ಅವನ ಅಂಗಿಯ ಜೇಬಿನಲ್ಲಿ ಎರಡನೇ ಫೋನು, ಒತ್ತುಗುಂಡಿಯದು, ಬೆಚ್ಚಗೆ ಮಲಗಿತ್ತು.

"ಶಾಂತಮ್ಮ, ದೊಡ್ಡೋರು, ಈ ಹೊತ್ನಾಗೆ ಯಾಕೆ ತೊಂದ್ರೆ ಕೊಡ್ತೀರಿ?" ಅಂದ. ಜೇಬಿಗೆ ಕೈ ಹಾಕೋಣವೆಂದರೆ ಬೆನಕಪ್ಪನ ತಲೆ ಬಲಕ್ಕೆ ಜಾರಿತು. ಮತ್ತೆ ಹಿಡಿದುಕೊಂಡ.

*

ಆ ಗಿಟಾರನ್ನು ಶಿವಮೊಗ್ಗದ ಹಳೇ ವಾದ್ಯಗಾರರೊಬ್ಬರು, ತಮ್ಮ ಕೈ ನಡುಗತೊಡಗಿದ ಮೇಲೆ, ಬೆನಕಪ್ಪನಿಗೆ ಕೊಟ್ಟಿದ್ದರು. ಅವನು ಅದನ್ನು ವೇದಿಕೆಗೆ ತಂದಿದ್ದು ಒಮ್ಮೆ ಮಾತ್ರ, ನ್ಯಾಮತಿಯ ಗಣಪತಿ ಕಾರ್ಯಕ್ರಮಕ್ಕೆ.

ಮೊದಲ ಏಟಿಗೇ ಪೆಂಡಾಲಿನ ತಗಡು ಗುಂಯ್ ಎಂದಿತು. ಕಡಲೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಅದುವರೆಗೆ ಹಿಂದಿನ ಸಾಲಿನಲ್ಲಿ ಕಂಬದಂತಿದ್ದವನನ್ನು ಜನ ಮುಂದಕ್ಕೆ ಕರೆದರು. ಆಮೇಲೆ ಮರುಳಪ್ಪ ಬಂದು ರಾಜಕಾರಣಿಯ ದನಿ ತೆಗೆದ, ಕೋಳಿಯ ದನಿ ತೆಗೆದ.

"ಕೋಳಿ ಸಾಕು, ಇಳಿಯೋ!" ಎಂದು ಒಬ್ಬ ಕೂಗಿದ. "ಆ ದಪ್ಪ ಗಿಟಾರಿನಾತನ್ನ ಬಿಡ್ರೀ!"

ಮರುದಿನ ಮಧ್ಯಾಹ್ನ ಬಾರಿನಲ್ಲಿ ಕೂತು ಮರುಳಪ್ಪ ಹೊಸ ಸಿಮ್ ಹಾಕಿದ. ಎದುರಿಗಿದ್ದ ಬಾಟ್ಲಿಯಿಂದ ಹೆಸರು ಹುಟ್ಟಿತು, ಮೂಗಿನಿಂದ ದನಿ.

"ಹಲೋ ಬೆನಕಪ್ಪಜೀ? ಬಾಟ್ಲಿವಾಲಾ, ಮುಂಬೈಸೆ! ಕನ್ನಡಾ ಥೋಡಾ ಬರ್ತದೆ, ಹುಬ್ಳಿದಾಗೆ ಇದ್ದಿದೆ ನಾನು. ನಿಮ್ದು ಫೋಟೋ ನೋಡಿದೆ. ಅರೇ, ಇಂಥಾ ಬೇಸು ದುನಿಯಾದಾಗೆ ಒಂದ್ ಕೈಬೆರಳಷ್ಟೇ ಐತೆ! ಪೆಂಡಾಲ್‌ದಾಗೆ ಬಜಾಯಿಸ್ತೀರಾ? ಪಾಪ, ಪಾಪ! ಒಂದ್ ಗೀರು ಬಿದ್ರೆ ಇತಿಹಾಸಕ್ಕೇ ಗೀರು. ಬಾರ್ಸಲ್ಲ ಅಂತ ವಚನ ಕೊಡಿ."

ಬೆನಕಪ್ಪ ಎದ್ದು ನಿಂತು ವಚನ ಕೊಟ್ಟನಂತೆ. ಸಂಜೆ ಅವನೇ ಬಂದು ಮರುಳಪ್ಪನಿಗೆ ಹೇಳಿದ್ದು. "ನನ್ನಂಥವನ ಮನೆಯಾಗೆ ಇತಿಹಾಸ ಬಂದು ಕೂತೈತೆ ಕಣೋ," ಎನ್ನುವಾಗ ಅವನ ಕಣ್ಣಲ್ಲಿ ನೀರಿತ್ತು.

ಅದು ಒಂದು ದಿನದ ತಮಾಷೆಯಾಗಿ ಮುಗಿಯಬೇಕಾಗಿತ್ತು. ಮುಗಿಯಗೊಡದವನು ಬೆನಕಪ್ಪನೇ. ಹೊನ್ನಾಳಿಯಲ್ಲಿ ಕಾರ್ಯಕ್ರಮ ಎಂದರೆ ಸಾಹೇಬರಿಗೆ ಫೋನು, ಮಳೆಗಾಲ ಬಂದರೆ ಫೋನು, ಎಣ್ಣೆ ಯಾವುದು ಹಚ್ಚಲಿ ಎಂದು ಫೋನು. ಕೊನೆಗೆ ಜಗಳೂರಿನಲ್ಲಿ ಕಲ್ಪನಾಳ ಮದುವೆ.

"ಸಾಹೇಬ್ರೆ, ಮಗಳು ಆಸೆಪಡ್ತಾಳೆ. ಒಂದೇ ಹಾಡು. ಕೈ ತೊಳ್ಕಂಡು ಬಾರಿಸ್ತೀನಿ."

ಬಾಟ್ಲಿವಾಲಾ ಸಾಹೇಬರು ಆಗ ಅದೇ ಕಲ್ಯಾಣ ಮಂಟಪದ ಹಿಂದೆ, ಅಡುಗೆಯವರ ಒಲೆಯ ಪಕ್ಕ, ಬಿಸಿ ಬೂಂದಿ ಮುಕ್ಕುತ್ತ ನಿಂತಿದ್ದರು. ಬಾಯಿ ಒರೆಸಿಕೊಂಡು, "ನಹೀ ಬೆನಕಪ್ಪಜೀ. ವಚನ ಅಂದ್ರೆ ವಚನ," ಅಂದರು.

ಅಂದು ಬೆನಕಪ್ಪ ಬಣ್ಣ ಹೋದ ಗಿಟಾರನ್ನು ತಲೆ ತಗ್ಗಿಸಿಕೊಂಡು ನುಡಿಸಿದ. ಮಗಳು ಮುಖ ತಿರುಗಿಸಿಕೊಂಡಳು. ಮಿಮಿಕ್ರಿಗೆ ಭರ್ಜರಿ ಚಪ್ಪಾಳೆ ಬಿತ್ತು.

*

ಕಲ್ಪನಾ ಗುಂಡಿ ಒತ್ತಿದಳು.

ಮರುಳಪ್ಪನ ಎದೆಗೂ ಹೆಣದ ಕಿವಿಗೂ ನಡುವೆ ಫೋನು ಟಿಣಿಟಿಣಿ ಎಂದು ಬಡಿದುಕೊಂಡಿತು. ಕಲ್ಪನಾ ಬೆಚ್ಚಿ ನಿಲ್ಲಿಸಿದಳು. ಅದೂ ನಿಂತಿತು. ಮತ್ತೆ ಒತ್ತಿದಳು. ಮತ್ತೆ ಬಡಿದುಕೊಂಡಿತು.

"ಯಾರದೋ ರಾಂಗ್ ನಂಬರ್ರು..." ಅಂದ ಮರುಳಪ್ಪ. ಕೈ ಬಿಟ್ಟರೆ ಬೆನಕಪ್ಪ ಬೀಳುತ್ತಿದ್ದ, ಬಿಡದಿದ್ದರೆ ತಾನು.

ಚಾಂದ್ ಅವನ ಜೇಬಿಗೆ ಕೈ ಹಾಕಿ ಫೋನು ಎಳೆದ. ಪರದೆಯ ಮೇಲಿದ್ದ ಹೆಸರನ್ನು ಜೋರಾಗಿ ಓದಿದ: "ಬಕ್ರಾ."

ಅಂಗಳದಲ್ಲಿ ಚಪ್ಪರದ ಬೊಂಬು ಹೂಳುತ್ತಿದ್ದವರೂ ಇಣುಕಿದರು. ಶಾಂತಾದೇವಿ ಮಗಳ ಕೈಯಿಂದ ಗಂಡನ ಫೋನನ್ನು ತೆಗೆದುಕೊಂಡಳು.

"ಅದನ್ನ ಮರುಳಪ್ಪಣ್ಣನ ಕಿವೀಗೆ ಹಿಡಿ ಚಾಂದಣ್ಣ... ಹಲೋ, ಸಾಹೇಬ್ರಾ? ನಾನು ಬೆನಕಪ್ಪನ ಮನೇರು. ಅವರು ಹೋಗ್ಬಿಟ್ರು. ಇವತ್ತಾದ್ರೂ ಬಾರಿಸಬೌದಾ, ಕೇಳಾಣ ಅಂತ ಮಾಡಿದೆ."

"ಶಾಂತಮ್ಮ, ಅದು ತಮಾಷೆಗೆ..."

"ನಿಮ್ಮನ್ನ ಯಾರ್ ಕೇಳಿದ್ರು ಮರುಳಪ್ಪಣ್ಣ? ನಾನು ಸಾಹೇಬ್ರ ಜತೆ ಮಾತಾಡ್ತಿದೀನಿ. ಸಾಹೇಬ್ರೆ, ಹೇಳ್ರಿ."

ಮರುಳಪ್ಪ ಒಣಗಿದ ತುಟಿ ನೆಕ್ಕಿಕೊಂಡ. ಅವನು ಬೇಡವೆಂದರೂ ಮೂಗು ತನ್ನ ಕಸುಬು ಬಿಡಲಿಲ್ಲ.

"ಬಜಾವ್... ಬಜಾವ್ ಅಮ್ಮಾಜೀ."

ದನಿ ಎಷ್ಟು ಸೊಗಸಾಗಿ ಬಂತೆಂದರೆ, ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಗುರುಸ್ವಾಮಿ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ, ಟವಲ್ಲು ಕುಣಿಯಿತು. ಬೈಯಲು ಬಾಯಿ ತೆರೆದ ಚಾಂದ್ ನಕ್ಕುಬಿಟ್ಟ. ಅಳುತ್ತಿದ್ದ ಕಲ್ಪನಾಳೂ ನಕ್ಕಳು. ಸಾವಿನ ಮನೆಯ ನಗು, ಒಮ್ಮೆ ಹತ್ತಿಕೊಂಡರೆ ಆರುವಂಥದ್ದಲ್ಲ. ಕೊನೆಗೆ ಮರುಳಪ್ಪನೂ ಹಲ್ಲು ಕಿರಿದ, ತನ್ನನ್ನು ಬಿಟ್ಟುಬಿಟ್ಟರೆಂದುಕೊಂಡು.

ಶಾಂತಾದೇವಿ ನಗಲಿಲ್ಲ. ಹಾರ ಸರಿಸಿ ಪೆಟ್ಟಿಗೆ ತೆರೆದಳು. ಧಾರೆ ಸೀರೆ ಬಿಚ್ಚಿದಳು. ಜೇನಿನ ಬಣ್ಣದ ಗಿಟಾರು, ಒಂದು ಗೀರಿಲ್ಲ. ಚಾಂದ್ ವೈರು ಸಿಕ್ಕಿಸಿ ಸ್ಪೀಕರ್ ಹಾಕಿದ. ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಎಲ್ಲಕ್ಕಿಂತ ದಪ್ಪ ತಂತಿಯನ್ನು ಅವಳು ಹೆಬ್ಬೆರಳಿನಿಂದ ಎಳೆದು ಬಿಟ್ಟಳು.

ಗುಂಯ್...

ಗೂಡಿನ ದೀಪ ಅಲುಗಿತು. ಲೋಟ, ತಾಟು, ಕಿಟಕಿಯ ಗಾಜು ನಡುಗಿದವು. ಮಣೆ ನಡುಗಿತು. ನೆತ್ತಿಯ ಸಡಿಲ ಗಂಟು ಜಾರಿ, ಗದ್ದದ ಬಟ್ಟೆ ಕೊರಳಿಗೆ ಬಿತ್ತು.

ಎಲ್ಲರ ನಗು ಥಟ್ಟನೆ ನಿಂತಿತು. ಮರುಳಪ್ಪನ ಎರಡು ಅಂಗೈಗಳ ನಡುವೆ ಬೆನಕಪ್ಪ ಮಾತ್ರ, ಹಿಂದಿನ ಹಲ್ಲೂ ಕಾಣುವ ಹಾಗೆ ಬಾಯಿ ತೆರೆದು, ಆ ದಪ್ಪ ಸದ್ದು ಆರುವವರೆಗೂ ಮೈಯೆಲ್ಲ ಕುಲುಕಿಸಿಕೊಂಡು ನಗುತ್ತಿದ್ದ.

ಶಾಂತಾದೇವಿ ಮತ್ತೆ ತಂತಿ ಎಳೆದಳು.