ನೋಣಯ್ಯನ ಡೆಲ್ಕೊ

ಮೀನಿನವನು ಹಾರ್ನ್ ಹೊಡೆದ. ಯಾಕೂಬರ ಮಗ ನೌಫಲ್ ತೀರಿಕೊಂಡು ಮಯ್ಯತ್ ಎತ್ತಿದ ದಿನದಿಂದ ಅವನು ಅವರ ಗೇಟಿನ ಹತ್ತಿರ ಬರುವಾಗ ಹಾರ್ನಿನಿಂದ ಕೈ ತೆಗೆದು ಸುಮ್ಮನೆ ದಾಟಿಹೋಗುತ್ತಿದ್ದ. ಇವತ್ತು ಸ್ಕೂಟರ್ ನಿಲ್ಲಿಸಿ ಮೊದಲಿನ ಹಾಗೆಯೇ ಎರಡು ಸಲ ಒತ್ತಿದ. ಅಡುಗೆಮನೆಯಲ್ಲಿ ಯಾಕೂಬರ ಹೆಂಡತಿ ಸೈನಬ ಸಟ್ಟುಗ ಕೆಳಗಿಟ್ಟರು. ಆಮೇಲೆ ಪಾತ್ರೆ ತೆಗೆದುಕೊಂಡು ಹೊರಗೆ ನಡೆದರು.

"ಬಂಗುಡೆ ಉಂಟಾ? ಮೊನ್ನೆಯದ್ದು ಬೇಡ, ಇವತ್ತಿನದ್ದು ಕೊಡು."

ನೌಫಲನ ಹೆಂಡತಿ ರಾಫಿಯಾ ತನ್ನ ಕೋಣೆಯಲ್ಲಿ ಕೂತು ಅದನ್ನು ಕೇಳಿದಳು. ನೆಂಟರೆಲ್ಲ ಹಿಂದಿನ ದಿನ ಹೋಗಿದ್ದರು. ಬಾಡಿಗೆಯ ಕುರ್ಚಿಗಳನ್ನು ಟೆಂಪೊದವನು ಒಯ್ದಿದ್ದ. ಪುಂಜಾಲಕಟ್ಟೆಯ ಪೇಟೆಯಲ್ಲಿ ನೌಫಲನ ಪ್ಲೈವುಡ್ ಅಂಗಡಿಯ ಬಾಗಿಲನ್ನು ಮಾವ ಯಾಕೂಬರೇ ಹೋಗಿ ತೆರೆದಿದ್ದರು. ಅದೇ ಅಂಗಡಿಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತ ನೌಫಲ್ ಮತ್ತೆ ಎದ್ದಿರಲಿಲ್ಲ. ಹೃದಯ ಎಂದರು ಡಾಕ್ಟರು. ಮೂವತ್ತಮೂರು ವರ್ಷದವನಿಗೆ ಹೃದಯ ಎಂದರೆ ಏನೆಂದು ರಾಫಿಯಾ ಕೇಳಲಿಲ್ಲ. ಕೊಣಾಜೆಯ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದಿದವಳು, ಕೇಳಬಹುದಿತ್ತು. ಅವಳಿಗೆ ಅಳುವೂ ಬಂದಿರಲಿಲ್ಲ.

ಕಿಟಕಿಯ ಆಚೆ ಶೆಡ್ಡಿನ ತಗಡಿನ ಬಾಗಿಲು ಕರ್ರೆಂದಿತು.

ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತಿನಲ್ಲಿ ಕೂತ ಹೆಂಗಸು ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ. ರಾಫಿಯಾ ಕಿಟಕಿಯ ಪಡಿಯನ್ನು ಬೆರಳಗಲ ಸರಿಸಿದಳು. ಶೆಡ್ಡಿನೊಳಗೆ ನೌಫಲನ ಇಬ್ಬರು ಗೆಳೆಯರ ಬೆನ್ನು ಕಂಡಿತು. ಒಬ್ಬ ಮೂಡುಬಿದಿರೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಸಂದೇಶ್. ಇನ್ನೊಬ್ಬರು ಮುಂಡಾಜೆಯ ನೋಣಯ್ಯ. ರಬ್ಬರ್ ಕೃಷಿಕರು, ಐವತ್ತೈದು ದಾಟಿದವರು. ಇಬ್ಬರೂ ಸೇರಿ ನೌಫಲನ ಕಾರಿನ ಕವರನ್ನು ಹಸುಗೂಸಿನ ಹೊದಿಕೆ ತೆಗೆಯುವ ಹಾಗೆ ಮೆಲ್ಲಗೆ ತೆಗೆದರು.

ಹಳದಿ ಬಣ್ಣದ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಫೈಬರಿನ ಮೈ, ಮಡಚುವ ಕ್ಯಾನ್ವಾಸಿನ ಮಾಡು. ಇದನ್ನು ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೇರಿಸಿದರೂ ಇಂಥವು ನಾಲ್ಕೋ ಐದೋ. ಊರವರು ಅದನ್ನು ಕಪ್ಪೆ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ರಾಫಿಯಾ ಕೇಳಿದ್ದಳು, "ಇಬ್ಬರೇ ಕೂರುವ ಕಾರು. ಮೂರನೆಯವರು ಬಂದರೆ?" "ಆಗ ನೋಡುವ," ಎಂದಿದ್ದ ನೌಫಲ್. ನೋಡುವ ಸಂದರ್ಭ ಬಂದಿರಲಿಲ್ಲ.

"ವಾರಕ್ಕೊಮ್ಮೆಯಾದ್ರೂ ಸ್ಟಾರ್ಟ್ ಮಾಡದಿದ್ರೆ ಇದು ಸತ್ತೇಹೋಗ್ತದೆ," ಎಂದ ಸಂದೇಶ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ನೀನೊಮ್ಮೆ ಸುಮ್ಮನಿರು ಮಾರಾಯ," ಎಂದು ನೋಣಯ್ಯ ಒಳಗೆ ಕೂತು ಕೀ ತಿರುಗಿಸಿದರು.

ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಕೆಮ್ಮು, ಆಮೇಲೆ ಕಿಟಕಿಯ ಗಾಜು ಅದುರುವ ಗುಡುಗುಡು. ಭಾನುವಾರ ಬೆಳಿಗ್ಗೆ ನಿದ್ದೆ ಕೆಡಿಸುತ್ತಿದ್ದ, ಅವಳು ಬೈಯುತ್ತಿದ್ದ ಅದೇ ಶಬ್ದ. ಕಣ್ಣು ಮುಚ್ಚಿದರೆ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂಬುದು ಗೊತ್ತಾಗುತ್ತಿರಲಿಲ್ಲ. ರಾಫಿಯಾ ಕಣ್ಣು ಮುಚ್ಚಿದಳು. ಅವರು ನಿಲ್ಲಿಸಿ ಹೋದ ಮೇಲೆ ಅವಳಿಗೆ ಹಸಿವಾಯಿತು. ಅವತ್ತು ಎರಡು ದೋಸೆ ತಿಂದಳು. ಸೈನಬ ಮೂರನೆಯದನ್ನು ತಟ್ಟೆಗೆ ಹಾಕಿದರು.

ಭಾನುವಾರಗಳು ಹೀಗೆ ಶುರುವಾದವು. ಸಂದೇಶ್ ಒಂದು ವಾರ ಬಂದರೆ ಇನ್ನೊಂದು ವಾರ ಮದುವೆ ಫೋಟೊ ಎಂದು ತಪ್ಪಿಸುತ್ತಿದ್ದ. ನೋಣಯ್ಯ ತಪ್ಪಿಸುತ್ತಿರಲಿಲ್ಲ. ಬೆಳಗಿನ ರಬ್ಬರ್ ಟ್ಯಾಪಿಂಗ್ ಮುಗಿಸಿ, ಮುಂಡಾಜೆಯಿಂದ ಬಸ್ಸು ಹಿಡಿದು, ಬೆಳ್ತಂಗಡಿ ದಾಟಿ ಬಂದು, ಕೊಡೆಯನ್ನು ಶೆಡ್ಡಿನ ಬಾಗಿಲಿಗೆ ಸಿಕ್ಕಿಸಿ ಇಡುತ್ತಿದ್ದರು. ಕಿಟಕಿಯ ಕಡೆಗೆ ತಿರುಗಿ ನೋಡುತ್ತಿರಲಿಲ್ಲ. ಇಂಜಿನಿಗೆ ಮುಖ ಮಾಡಿಕೊಂಡೇ, "ಆರಾಮ ಇದ್ದೀರಾ ಅಮ್ಮ?" ಎಂದು ಕೇಳುತ್ತಿದ್ದರು. "ಹ್ಞಾಂ," ಎನ್ನುತ್ತಿದ್ದಳು ರಾಫಿಯಾ ಒಳಗಿನಿಂದ.

ಒಂದು ಭಾನುವಾರ ಸೈನಬ ಚಾ ತಂದುಕೊಟ್ಟು ಕೇಳಿದರು, "ನಿಮ್ಮದೂ ಕೆಂಪು ಕಪ್ಪೆ ಉಂಟಲ್ಲ ನೋಣಯ್ಯಣ್ಣ? ಅದರಲ್ಲಿ ಬರ್ಲಿಕ್ಕಾಗುದಿಲ್ವಾ? ಬಸ್ಸಲ್ಲಿ ಯಾಕೆ ನೇತಾಡುದು?"

"ಅದು ಮಲಗಿದೆ ಉಮ್ಮ. ಅದಕ್ಕೂ ನನ್ನ ಹಾಗೆ ವಯಸ್ಸಾಯ್ತಲ್ಲ."

"ಇದಕ್ಕೆ ಸಕ್ಕರೆ ಕಡಿಮೆಯಾಯ್ತೋ ಏನೋ," ಎಂದು ಸೈನಬ ಒಳಗೆ ಹೋದರು. ಅವರು ಹೋದದ್ದೇ ಸಂದೇಶ್ ನಕ್ಕ. "ಮಲಗದೆ ಮತ್ತೇನು ಮಾಡ್ತದೆ? ಅದರ ಡೆಲ್ಕೊ ಇದರ ಹೊಟ್ಟೆಯೊಳಗೆ ಉಂಟಲ್ಲ!"

"ನಿನ್ನ ಬಾಯಿಗೆ ಒಂದು ಕವರ್ ಹೊಲಿಸ್ಬೇಕು," ಎಂದರು ನೋಣಯ್ಯ. ಅವರ ದನಿ ತಗ್ಗಿತ್ತು.

ಕಿಟಕಿಯ ಒಳಗಿನಿಂದ ರಾಫಿಯಾ ಕೇಳಿದಳು, "ಸಂದೇಶಣ್ಣ, ಡೆಲ್ಕೊ ಅಂದ್ರೆ ಏನು?"

ಸಂದೇಶ್ ನೋಣಯ್ಯನವರ ಮುಖ ನೋಡಿದ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಡೆಲ್ಕೊ ಎಂದರೆ ಇಂಜಿನಿನ ಒಳಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಗ್ಯಾರೇಜಿನವರು ಹಾಗೆ ಹೇಳುವುದು. ತೆಂಗಿನಕಾಯಿಯಷ್ಟು ದೊಡ್ಡದು. ಅದಿಲ್ಲದಿದ್ದರೆ ಗಾಡಿ ಬರೀ ಫೈಬರ್. ಗೆಳೆಯರೆಲ್ಲ ಸೇರಿ ಚಾರ್ಮಾಡಿ ಘಾಟಿ ಹತ್ತುವುದೆಂದು ಮಾತಾಗಿತ್ತು. ಅದರ ಹಿಂದಿನ ದಿನ ನೌಫಲನದ್ದು ಒಡೆದುಹೋಯಿತು. ನೋಣಯ್ಯ ತಮ್ಮದನ್ನು ಬಿಚ್ಚಿ ಕೊಟ್ಟರು, ನನಗೆ ನಾಳೆ ರಬ್ಬರ್ ಶೀಟು ಒಯ್ಯಲಿಕ್ಕುಂಟು, ನೀನು ಹೋಗಿ ಬಾ ಎಂದು. ನೌಫಲ್ ಘಾಟಿ ಹತ್ತಿ ಇಳಿದು ಬಂದ. ವಾಪಸು ಕೊಡುವ ಮೊದಲೇ ಆ ಮಧ್ಯಾಹ್ನ ಬಂತು.

"ಬೇರೆ ಸಿಗುದಿಲ್ವಾ?"

"ಹುಡುಕದ ಗುಜರಿ ಇಲ್ಲ ಅಕ್ಕ. ಪುಣೆಯಲ್ಲಿ ಒಬ್ಬ ಉಂಟು ಅಂದ, ಕಳಿಸಿದ್ದು ನೋಡಿದ್ರೆ ಬೇರೆ ಯಾವುದೋ ಗಾಡಿದ್ದು."

ರಾಫಿಯಾ ಕಿಟಕಿಯ ಹತ್ತಿರ ಸರಿದಳು. ಆಮೇಲೆ ಕೇಳಿದಳು, "ನೋಣಯ್ಯಣ್ಣ, ಅವತ್ತು ಮಸೀದಿಯಲ್ಲಿ ಮಾವ ಎಲ್ಲರ ಎದುರು ಕೇಳಿದ್ರಲ್ಲ. ನೀವು ಅಲ್ಲಿ ಇದ್ರಿ."

ಮಯ್ಯತ್ ನಮಾಜಿಗೆ ಮುಂಚೆ ಸತ್ತವನ ಕಡೆಯವರು ಕೇಳುವುದು ಕ್ರಮ. ಯಾಕೂಬ್ ಮಸೀದಿಯ ಅಂಗಳದಲ್ಲಿ ನಿಂತು ಹೇಳಿದ್ದರು: ನನ್ನ ಮಗ ಯಾರಿಂದಲಾದರೂ ಏನಾದರೂ ತಗೊಂಡಿದ್ದರೆ ನನ್ನ ಹತ್ತಿರ ಹೇಳಿ, ಅದು ನನ್ನ ಮೇಲೆ. ಮರುದಿನವೇ ಪಕ್ಕದ ಮನೆಯ ಅಬ್ದುಲ್ಲನ ಏಣಿ ವಾಪಸು ಹೋಗಿತ್ತು. ತೀರದ ಬಾಕಿ ಇದ್ದರೆ ಹೋದವನ ಜೀವ ಅದರಲ್ಲೇ ತೂಗಾಡುತ್ತದೆ ಎನ್ನುತ್ತಾರೆ.

"ಇದ್ದೆ, ಗೇಟಿನ ಹತ್ತಿರ," ಎಂದರು ನೋಣಯ್ಯ. "ಆ ಹುಡುಗನನ್ನು ಮಲಗಿಸಿದ ಕಡೆ ನಿಂತು, ನನ್ನ ಡೆಲ್ಕೊ ಕೊಡಿ ಅಂತ ಹೇಳ್ಲಿಕ್ಕಾಗ್ತದಾ ಅಮ್ಮ? ಮತ್ತೆ ನಮ್ಮ ಕಾರಿನವರೊಳಗೆ ಕೊಟ್ಟದ್ದನ್ನು ಕೇಳುವ ಮಾತಿಲ್ಲ. ಒಯ್ದವನು ಅವನಾಗಿಯೇ ತರ್ಬೇಕು. ತಂದು ಅವನೇ ಕೂರಿಸ್ಬೇಕು, ಅವನೇ ಸ್ಟಾರ್ಟ್ ಮಾಡಿ ಕೊಡ್ಬೇಕು. ಅಷ್ಟೇ. ಇದು ಓಡ್ತಾ ಇರ್ಲಿ. ನನ್ನದಕ್ಕೆ ಅವಸರ ಇಲ್ಲ."

ಸೈನಬ ಸಕ್ಕರೆ ಡಬ್ಬಿ ಹಿಡಿದು ಬಂದರು. ಮಾತು ಅಲ್ಲಿಗೆ ನಿಂತಿತು.

ಆ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಬೇಕೆಂದುಕೊಂಡಳು ರಾಫಿಯಾ. ಹೇಳಿದರೆ ಮಾವ ಬೆಳಗಾಗುವವರೆಗೆ ಕಾಯುವವರಲ್ಲ. ಅದನ್ನು ಬಿಚ್ಚಿಸಿ ಮುಂಡಾಜೆಗೆ ಮುಟ್ಟಿಸಿಯೇ ಮಲಗುವವರು. ಮುಂದಿನ ಭಾನುವಾರ ಶೆಡ್ಡಿನಲ್ಲಿ ಏನೂ ಕೇಳಿಸುವುದಿಲ್ಲ. ಅವಳು ಮಾವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಹೇಳಲಿಲ್ಲ.

ಮುಂದಿನ ವಾರವೂ ಹೇಳಲಿಲ್ಲ. ಶಬ್ದ ಬಂದಾಗ ಕಣ್ಣು ಮುಚ್ಚುತ್ತಿದ್ದಳು. ನಿಂತಾಗ ತೆರೆಯುತ್ತಿದ್ದಳು. ಶುಕ್ರವಾರದ ಜುಮಾ ಮುಗಿಸಿ ಬಂದ ಯಾಕೂಬ್ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಹೆಂಡತಿಯ ಹತ್ತಿರ ಹೇಳುವುದು ಕೇಳಿಸುತ್ತಿತ್ತು. "ಯಾರದ್ದೂ ಏನೂ ಇಟ್ಟುಕೊಳ್ಳದೆ ಹೋದ. ನನಗೆ ಅದೊಂದೇ ಸಮಾಧಾನ." ರಾಫಿಯಾ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿಕೊಳ್ಳುತ್ತಿದ್ದಳು.

ನೌಫಲನ ಫೋನು ಅವಳ ಹತ್ತಿರವೇ ಇತ್ತು. ಕಾರಿನವರ ವಾಟ್ಸಾಪ್ ಗುಂಪಿನಿಂದ ಅವನ ಹೆಸರನ್ನು ಯಾರೂ ತೆಗೆದಿರಲಿಲ್ಲ. ಒಂದು ಸಂಜೆ ಅದಕ್ಕೊಂದು ಫೋಟೊ ಬಂತು. ಮೂಡುಬಿದಿರೆಯ ಯಾವುದೋ ಮೈದಾನದಲ್ಲಿ ಗುಂಪಿನವರ ವಾರ್ಷಿಕ ಕೂಟ. ಮಂಗಳೂರು, ಉಡುಪಿ ಕಡೆಯಿಂದಲೂ ಬಂದಿದ್ದರು. ಬಿಳಿ, ಹಸಿರು, ನೀಲಿ, ಕಪ್ಪು ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೂತಿಯ ಮೇಲೆ ಒಬ್ಬೊಬ್ಬನ ಕೈ. ನಡುವೆ ಒಂದು ಜಾಗವನ್ನು ಖಾಲಿ ಬಿಟ್ಟಿದ್ದರು. ಅದು ಹಳದಿಯದ್ದು ಎಂದು ಅವಳಿಗೆ ತಿಳಿಯಿತು. ಅದರ ಪಕ್ಕ ಇನ್ನೊಂದು ಕಾರಿನಷ್ಟೇ ಜಾಗದಲ್ಲಿ ನೋಣಯ್ಯ ಒಬ್ಬರೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೊಡೆ ಊರಿ ನಿಂತಿದ್ದರು. ಕೆಳಗೆ ಯಾರೋ ಬರೆದಿದ್ದರು: ನೋಣಯ್ಯಣ್ಣ ಈ ವರ್ಷ ಚಕ್ರ ಇಲ್ಲದ ಮಾಡೆಲ್. ಅದಕ್ಕೆ ನೋಣಯ್ಯ ಉತ್ತರಿಸಿದ್ದರು: ಪೆಟ್ರೋಲೂ ಬೇಡ.

ರಾಫಿಯಾ ಅವರ ಮುಖವನ್ನು ದೊಡ್ಡದು ಮಾಡಿ ನೋಡಿದಳು. ನಗುತ್ತಿದ್ದರು. ಬೇರೆಯವರ ಕೈಗಳೆಲ್ಲ ಕಾರಿನ ಮೇಲಿದ್ದವು. ಅವರ ಇನ್ನೊಂದು ಕೈ ಎಲ್ಲಿರಬೇಕೆಂದು ಗೊತ್ತಾಗದೆ ಗಾಳಿಯಲ್ಲಿ ಸ್ವಲ್ಪ ಎತ್ತರಕ್ಕೆ ನಿಂತಿತ್ತು.

ಇದ್ದತ್ ಮುಗಿದ ಮರುದಿನ ಅವಳು ಮಾವನ ಎದುರು ಹೋಗಿ ನಿಂತಳು.

"ಅವರು ವಾಪಸು ಕೊಡ್ಲಿಕ್ಕಿದ್ದ ಒಂದು ವಸ್ತು ಬಾಕಿ ಉಂಟು."

ಎಲ್ಲ ಹೇಳಿದಳು. ಯಾಕೂಬ್ ಗೋಡೆ ನೋಡುತ್ತ ಕೇಳಿಸಿಕೊಂಡರು. "ನಿನಗೆ ಯಾವಾಗ ಗೊತ್ತಾಯಿತು?"

"ಆಗಲೇ."

"ಯಾಕೆ ಹೇಳಲಿಲ್ಲ ಮಗಳೇ?"

"ನನಗೆ ಆ ಶಬ್ದ ಬೇಕಿತ್ತು."

ಯಾಕೂಬ್ ಟೊಪ್ಪಿ ತೆಗೆದರು, ಮತ್ತೆ ಹಾಕಿಕೊಂಡರು. ಬಾಗಿಲಲ್ಲಿ ನಿಂತಿದ್ದ ಸೈನಬ ಹೇಳಿದರು, "ನನಗೂ ಕೇಳ್ತಿತ್ತು. ನಾನು ಆ ಹೊತ್ತಿಗೆ ಮಿಕ್ಸಿ ಹಾಕುತ್ತಿರಲಿಲ್ಲ."

ಭಾನುವಾರ ಸಂದೇಶ್ ಒಬ್ಬನೇ ಬಂದ. ಈ ವಾರ ಬರುವುದು ಬೇಡ, ನಾವೇ ಬರುತ್ತೇವೆ ಎಂದು ನೋಣಯ್ಯನವರಿಗೆ ಯಾಕೂಬ್ ಫೋನ್ ಮಾಡಿದ್ದರು. ನೌಫಲ್ ಹೋದ ಮೇಲೆ ರಾಫಿಯಾ ಮೊದಲ ಬಾರಿಗೆ ಶೆಡ್ಡಿನೊಳಗೆ ಬಂದು ನಿಂತಳು. ಸಂದೇಶ್ ಬಾನೆಟ್ ಎತ್ತಿ, ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದ, "ಅಕ್ಕ, ಬಿಚ್ಚುವ ಮೊದಲು ಒಂದು ಸಲ ಸ್ಟಾರ್ಟ್ ಮಾಡ್ಲಾ?"

"ಬೇಡ."

ಅವನು ಬಿಚ್ಚಿ ಅವಳ ಕೈಗೆ ಕೊಟ್ಟ. ನೆನೆಸಿದ್ದಕ್ಕಿಂತ ಭಾರವಿತ್ತು. ಅದರ ಕಬ್ಬಿಣದ ಅಂಚಿನಲ್ಲಿ ಎರಡು ಗೀರುಗಳಿದ್ದವು. ಕೂರಿಸುವಾಗ ಒಂದು ಕೂದಲೆಳೆ ಆಚೀಚೆ ಆದರೂ ಇಂಜಿನ್ ಒದ್ದಾಡುತ್ತದೆ, ಅದಕ್ಕೇ ಗುರುತು, ಎಂದ ಸಂದೇಶ್. "ಹಳತು ನೋಣಯ್ಯಣ್ಣನದ್ದು. ಈ ಹೊಳೆಯುವುದು ನೌಫಲ್ ಹಾಕಿದ್ದು, ಈ ಗಾಡಿಯ ಲೆಕ್ಕಕ್ಕೆ." ರಾಫಿಯಾ ಹೊಳೆಯುವ ಗೀರಿನ ಮೇಲೆ ಉಗುರು ಆಡಿಸಿದಳು. ಅಲ್ಲೇ ಗೂಟಕ್ಕೆ ನೇತುಹಾಕಿದ್ದ ನೌಫಲನ ಹಳೆಯ ಬನಿಯನಿನಲ್ಲಿ ಅದನ್ನು ಸುತ್ತಿದಳು.

ಯಾಕೂಬರ ಓಮ್ನಿಯಲ್ಲಿ ಮುಂಡಾಜೆಯವರೆಗೂ ಅದು ಅವಳ ಮಡಿಲಲ್ಲಿಯೇ ಇತ್ತು. ನೋಣಯ್ಯನವರ ಹೆಂಡತಿ ಸೇಸಮ್ಮ ಅಂಗಳದಲ್ಲೇ ರಾಫಿಯಾಳ ಕೈ ಹಿಡಿದುಕೊಂಡರು. ಆಮೇಲೆ ಗಂಡನ ಕಡೆ ಗಲ್ಲ ತೋರಿಸಿ, "ಇವರು ಇಷ್ಟು ದಿನ ಆ ಬ್ಯಾಟರಿಗೆ ಚಾರ್ಜ್ ಕೊಟ್ಟದ್ದೇ ಕೊಟ್ಟದ್ದು. ನನಗೆ ಒಂದು ಲೋಟ ಕಷಾಯ ಮಾಡಿ ಕೊಟ್ಟದ್ದಿಲ್ಲ," ಎಂದರು.

"ನಿನ್ನನ್ನು ತಳ್ಳಿ ಸ್ಟಾರ್ಟ್ ಮಾಡುವ ಅಗತ್ಯ ಬರ್ಲಿಲ್ಲ ಅಲ್ವಾ," ಎಂದರು ನೋಣಯ್ಯ.

ಕೆಂಪು ಕಾರು ಸೌದೆ ಕೊಟ್ಟಿಗೆಯ ಪಕ್ಕದಲ್ಲಿತ್ತು. ಅದರ ಕೆಳಗೆ ಹೇಂಟೆಗಳು ಮಣ್ಣು ಕೆದರಿ ಗುಂಡಿ ಮಾಡಿಕೊಂಡು ಕೂತಿದ್ದವು. ರಾಫಿಯಾ ಬನಿಯನನ್ನು ಬಿಚ್ಚಿ ಡೆಲ್ಕೊವನ್ನು ಎರಡೂ ಕೈಯಲ್ಲಿ ಚಾಚಿದಳು. ನೋಣಯ್ಯ ತೆಗೆದುಕೊಳ್ಳಲಿಲ್ಲ.

"ತಂದವರೇ ಕೂರಿಸ್ಬೇಕು ಅಮ್ಮ."

"ನನಗೆ ಬರುದಿಲ್ಲ."

"ನಾನು ಹೇಳಿಕೊಡ್ತೇನೆ."

ಅವಳು ಬಗ್ಗಿದಳು. ಅವರು ಹೇಳಿದಲ್ಲಿ ಇಳಿಸಿ, ಹೇಳಿದಷ್ಟು ತಿರುಗಿಸಿದಳು. ಹಳೆಯ ಗೀರು ಇಂಜಿನಿನ ಮೇಲಿನ ಗೀರಿಗೆ ನೇರವಾಗಿ ಬಂದಾಗ ನೋಣಯ್ಯ "ಅಲ್ಲಿಗೆ ನಿಲ್ಲಿಸಿ" ಎಂದರು. ಹೊಳೆಯುವ ಗೀರು ಪಕ್ಕದಲ್ಲಿ, ಎದುರಿಗೆ ಏನೂ ಇಲ್ಲದೆ ಉಳಿಯಿತು. ಅವರು ಬೋಲ್ಟ್ ಬಿಗಿದು, ವಯರುಗಳನ್ನು ಸಿಕ್ಕಿಸಿ, ಡ್ರೈವರ್ ಬದಿಯ ಬಾಗಿಲು ತೆರೆದು ನಿಂತರು.

ರಾಫಿಯಾ ಯಾಕೂಬರ ಕಡೆ ನೋಡಿದಳು. ಅವರು ತಲೆಯಾಡಿಸಿದರು. ಅವಳು ಬುರ್ಕದ ಅಂಚು ಎಳೆದುಕೊಂಡು ಒಳಗೆ ಕೂತಳು. ಅವಳು ಯಾವತ್ತೂ ಈ ಬದಿಯಲ್ಲಿ ಕೂತವಳಲ್ಲ. ಬನಿಯನನ್ನು ಮಡಿಲಲ್ಲಿಟ್ಟುಕೊಂಡು ಕೀ ತಿರುಗಿಸಿದಳು.

ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದಾಗ ಹತ್ತಿಕೊಂಡಿತು. ಹೇಂಟೆಗಳು ಕೂಗುತ್ತ ಹೊರಗೆ ಹಾರಿದವು. ಇದರ ಶಬ್ದ ಬೇರೆಯೇ, ತುಕ್ಕು ಹಿಡಿದ ಸೈಲೆನ್ಸರಿನ ಒರಟು ದನಿ. ಅದರ ಜೊತೆಗೆ ಕಬ್ಬಿಣವನ್ನು ಗರಗಸದಲ್ಲಿ ಕೊಯ್ದ ಹಾಗೆ ಇನ್ನೊಂದು ಶಬ್ದ ಕಿವಿ ಕೊರೆಯುತ್ತಿತ್ತು. ಏನೋ ಕೆಟ್ಟಿತು ಎಂದುಕೊಂಡಳು.

ನೋಣಯ್ಯ ಬಗ್ಗಿ ಹೇಳಿದರು, "ಕೀ ಬಿಡಿ ಅಮ್ಮ. ಅದು ಓಡ್ತಾ ಉಂಟು. ಇನ್ನು ಹಿಡ್ಕೊಳ್ಳುದು ಬೇಡ."

ಅವಳು ಕೈ ಬಿಟ್ಟಳು. ಕೊರೆಯುವ ಶಬ್ದ ನಿಂತಿತು. ಇಂಜಿನ್ ಮಾತ್ರ ಓಡುತ್ತಿತ್ತು. ಕೈಯ ಹಿಂಭಾಗದಿಂದ ಒದ್ದೆಯಾದ ಕೆನ್ನೆ ಒರೆಸಿಕೊಂಡಳು, ಅಲ್ಲಿ ಗ್ರೀಸ್ ಹತ್ತಿತು. ಸೇಸಮ್ಮ ಹೇಂಟೆಗಳನ್ನು ಕರೆಯುತ್ತ ಅಂಗಳದ ಆಚೆಗೆ ಹೋದರು. ಮಡಿಲಲ್ಲಿದ್ದ ಬನಿಯನಿನ ನಡುವೆ ಎಣ್ಣೆಯ ದುಂಡು ಗುರುತು ಉಳಿದಿತ್ತು. ರಾಫಿಯಾ ಅದನ್ನು ಮಡಚಿ, ಅಂಚು ಸರಿಮಾಡಿ, ಪಕ್ಕದ ಸೀಟಿನ ಮೇಲೆ ಇಟ್ಟಳು.