ಮೊದಲು ಮನೆಗೆ

“‘ಮೊದಲು’ ಅನ್ನೋದನ್ನ ತೆಗೀಲೇಬೇಕು ಗುನ್‌ವೋರ್. ಇಲ್ಲಾಂದ್ರೆ ವಾಕ್ಯಾನೇ ಹೋಗತ್ತೆ,” ಎಂದು ಅಲೋಯಿಸ್ ಹಿಂದಿನ ಸಾಲಿನತ್ತ ಬಾಗಿ ಪಿಸುಗುಟ್ಟಿದ.

ಜಿನೀವಾದ ಆ ಸಭೆಯಲ್ಲಿ ನಾವಿಕರ ಒಪ್ಪಂದದ ಕರಡು ತಿದ್ದುವ ಹಕ್ಕು ದೇಶಗಳಿಗೆ ಮಾತ್ರ. ಸಂಘಸಂಸ್ಥೆಯವರು ಹಿಂದೆ ಕೂತು ಕೇಳಬಹುದು. ಅವರ ಮಾತನ್ನು ಯಾವುದಾದರೊಂದು ದೇಶ ತನ್ನ ಬಾಯಲ್ಲಿ ಆಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾರ್ವೆಯ ನಾವಿಕರ ಹೆಂಡಂದಿರ ಸಂಘದ ಗುನ್‌ವೋರ್ ತಂದಿದ್ದು ಒಂದೇ ವಾಕ್ಯ: ಹಡಗಿನಲ್ಲಿ ಯಾರಾದರೂ ಸತ್ತರೆ ಮೊದಲು ಮನೆಯವರಿಗೆ ತಿಳಿಸಬೇಕು. ದೊಡ್ಡ ಬಂದರುಗಳ ದೇಶಗಳೆಲ್ಲ ನಯವಾಗಿ ಜಾರಿಕೊಂಡವು. ಕೈಹಿಡಿದವನು ಸಮುದ್ರವೇ ಇಲ್ಲದ ಪುಟ್ಟ ದೇಶದ ಪ್ರತಿನಿಧಿ, ಈ ಅಲೋಯಿಸ್.

“ಅದರ ಬದ್ಲು?”

“‘ಆದಷ್ಟು ಬೇಗ.’ ಅದಕ್ಕಾದ್ರೆ ಎಲ್ರೂ ಒಪ್ತಾರೆ.”

“ನಿಮ್ಮೂರಲ್ಲಿ ಕೆರೆಯಾದ್ರೂ ಇದ್ಯಾ?”

“ಒಂದಿದೆ. ಪೂರ್ತಿ ಬಾತುಕೋಳಿಗಳದ್ದೇ ದರ್ಬಾರು.”

ಗುನ್‌ವೋರ್‌ಗೆ ನಗು ಬಂತು. ಊಟದ ನಂತರದ ಮಂಪರು ಸಭಾಂಗಣದ ತುಂಬ ಹರಡಿತ್ತು. ಯಾರದೋ ತುಟಿ ಅಲುಗುತ್ತಿತ್ತು, ಕಿವಿಯ ಹೆಡ್‌ಫೋನಿನಲ್ಲಿ ಇನ್ಯಾರದೋ ದನಿ ಮೆಲ್ಲಗೆ ಅನುವಾದಿಸುತ್ತಿತ್ತು. ಸರೋವರದ ಬೆಳಕು ಛಾವಣಿಯ ಮೇಲೆ ತೇಲುತ್ತಿತ್ತು. ಅದನ್ನೇ ನೋಡುತ್ತ ಕೂತವಳಿಗೆ ತಾನು ನೀರಿನ ಅಡಿಯಲ್ಲಿರುವಂತೆ, ಗಂಡ ಐಲಿಫ್ ಅಲ್ಲೇ ಎಲ್ಲೋ ಮೇಲೆ ಹಾದುಹೋಗುತ್ತಿರುವಂತೆ ಅನ್ನಿಸಿತು. ಅವನು ಹಡಗಿನಲ್ಲಿ ಸತ್ತ ಸುದ್ದಿ ಅವಳಿಗೆ ಸಿಕ್ಕಿದ್ದು ಅಂಗಡಿಯಲ್ಲಿ. ಗಲ್ಲಾದ ಹೆಂಗಸು ಕೈ ಹಿಡಿದು “ಪಾಪ, ನಿನ್ನ ಗಂಡ” ಎಂದಾಗ ಪಕ್ಕದಲ್ಲಿ ಅತ್ತೆ ಆಲೂಗಡ್ಡೆ ಆರಿಸುತ್ತಿದ್ದರು. ಊರಿಗೆಲ್ಲ ಗೊತ್ತಿತ್ತು. ಕಂಪನಿಯ ಫೋನು ಬಂದಿದ್ದು ಆಮೇಲೆ.

ಅಧ್ಯಕ್ಷೆ ಅಲೋಯಿಸನ ದೇಶದ ಹೆಸರು ಕರೆದರು. ಮೈಕಿನ ದೀಪ ಹೊತ್ತಿತು. ಅವನು ಬಾಯಿ ತೆರೆಯದೆ ಹಿಂದಿರುಗಿ ಅವಳನ್ನೇ ನೋಡಿದ. ಆ ಒಂದು ಪದಕ್ಕಾಗಿಯೇ ಅವಳು ಇಷ್ಟು ದೂರ ಬಂದಿದ್ದಳು. ಆದರೂ ಆಗಲಿ ಎಂಬಂತೆ ತಲೆಯಾಡಿಸಿದಳು.

ಅವನು ‘ಆದಷ್ಟು ಬೇಗ’ ಎಂದೇ ಓದಿದ. ಯಾರೂ ಆಕ್ಷೇಪಿಸಲಿಲ್ಲ. ಸಭೆ ಕರಡಿನ ಮುಂದಿನ ಸಾಲಿಗೆ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು.

“ಸೇರಿಸ್ಕೊಂಡ್ರು ಅತ್ತೆ. ಆದ್ರೆ ‘ಮೊದಲು’ ಅನ್ನೋದು ಹೋಯ್ತು. ಬೇಗ ಹೇಳ್ಬೇಕಂತೆ, ಅಷ್ಟೇ.”

“ಸಂಘದವ್ರು ಏನಂದ್ರು?”

“ಅವ್ರಿಗಿನ್ನೂ ಹೇಳಿಲ್ಲ. ನಿಮಗೇ ಮೊದಲು.”

ಆ ಕಡೆ ಅಡುಗೆಮನೆಯ ನೆಲದ ಮೇಲೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.